ಕೆಂಪು ಭುಜಕೀರ್ತಿಯ ಜೌಗು ಮಹಾರಾಜರಿಗೆ ಒಬ್ಬ ರಾಜಪಾರ್ಟಿನವನ ದೂರು

ಮಾನ್ಯರೇ,

ಜೊಂಡಿನ ಸಿಂಹಾಸನವನ್ನೇರಿ, ಎರಡೂ ಭುಜಗಳಲ್ಲಿ ಕೆಂಡದ ಬಣ್ಣದ ಭುಜಕೀರ್ತಿ ಧರಿಸಿ, ಅದರ ಅಂಚಿಗೆ ಹಳದಿ ಜರಿಯನ್ನೂ ಹೊಲಿಸಿಕೊಂಡು, ಎರಡು ಔನ್ಸಿನ ದೇಹದಲ್ಲಿ ಎರಡು ಟನ್ನಿನ ಗರ್ವವನ್ನು ಹೊತ್ತು ಮೆರೆಯುವ, ಮಿಷಿಗನ್ ಸೀಮೆಯ ಹೆರನ್ ಲೇಕ್ ಎಸ್ಟೇಟ್ಸ್ ಎಂಬ ಅರ್ಧಂಬರ್ಧ ಬಡಾವಣೆಯ ಸಕಲ ಕಪ್ಪೆ, ಆಮೆ, ನೀರಿಲಿ, ಕೊಕ್ಕರೆಗಳ ಏಕಮಾತ್ರ ಅಧಿಪತಿಗಳಾದ, ಇಲ್ಲಿನವರು ರೆಡ್ ವಿಂಗ್ಡ್ ಬ್ಲ್ಯಾಕ್‌ಬರ್ಡ್ ಎಂದು ಬರಿಯ ಬಣ್ಣ ಹೇಳಿ ಮುಗಿಸಿಬಿಡುವ ತಮ್ಮ ಪಾದಕಮಲಗಳಿಗೆ (ಪಾದಕ್ಕಿಂತ ಕೊಕ್ಕಿನ ಪರಿಚಯವೇ ನನಗೆ ಹೆಚ್ಚಾಗಿದ್ದರೂ) ಅದೇ ಬಡಾವಣೆಯ ಏಳನೇ ನಂಬರಿನ ಮನೆಯ ಕಲ್ಲಿನಾಥನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗಕ್ಕೆ ಭಕ್ತಿಯೊಂದೇ ಕಾರಣವಲ್ಲ. ಮಲಗಿದವನ ತಲೆಗೆ ತಾವು ಹೊಡೆಯುವುದಿಲ್ಲ, ನಿಂತವನ ತಲೆಗೆ ಮಾತ್ರ ಹೊಡೆಯುತ್ತೀರಿ ಎಂಬುದನ್ನು ನಾನು ಅನುಭವದಿಂದ ಕಂಡುಕೊಂಡಿದ್ದೇನೆ.

ಇಂಥ ಪತ್ರವನ್ನು ಲಕೋಟೆಯಲ್ಲಿಟ್ಟು ಗುಟ್ಟಾಗಿ ಕಳಿಸುವುದೇ ಮರ್ಯಾದೆ ಎಂಬುದು ನನಗೆ ತಿಳಿಯದ್ದಲ್ಲ. ಆದರೆ ತಾವು ಈ ಅಕ್ಟೋಬರಿನಲ್ಲಿ ಯಾರಿಗೂ ಹೇಳದೆ ಕೇಳದೆ, ಅಂಚೆ ಕಚೇರಿಯಲ್ಲಿ ವಿಳಾಸ ಬದಲಾವಣೆಯ ಫಾರಂ ಕೂಡ ತುಂಬದೆ, ಸಪರಿವಾರ ದಕ್ಷಿಣಕ್ಕೆ ಹೊರಟುಹೋಗಿರುವುದರಿಂದ ಬೇರೆ ದಾರಿ ಕಾಣದೆ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಯಲ್ಲಿ ಬಹಿರಂಗವಾಗಿಯೇ ಅಚ್ಚು ಹಾಕಿಸುತ್ತಿದ್ದೇನೆ. ಈ ವರ್ಷ ಕೆಲಸ ಕಳೆದುಕೊಂಡು ದೇಶದ ನಾಲ್ಕು ಮೂಲೆಗೆ ಚದುರಿಹೋದ ನಮ್ಮವರಿಗೆಲ್ಲ ಈ ಸಂಚಿಕೆ ಅಂಚೆಯಲ್ಲಿ ಹೋಗುತ್ತದೆ. ಅವರಲ್ಲಿ ಯಾರಾದರೂ ತಮ್ಮನ್ನು ಕಂಡರೆ ಟೋಪಿ ತೆಗೆದು, ಸಾಕಷ್ಟು ದೂರದಲ್ಲಿ ನಿಂತು, ಗಟ್ಟಿಯಾಗಿ ಓದಿ ಹೇಳಬೇಕಾಗಿ ಪ್ರಾರ್ಥನೆ.

ಮೊದಲು ದೂರುದಾರನ ಯೋಗ್ಯತೆಯನ್ನು ನಿವೇದಿಸಿಕೊಳ್ಳುತ್ತೇನೆ. ನಾನು ಗದಗಿನವನು. ನನ್ನ ತಂದೆ ನಾಟಕ ಕಂಪನಿಯಲ್ಲಿ ರಾಜಪಾರ್ಟಿನವರು, ಅಂದರೆ ಯಾವ ನಾಟಕವಾದರೂ ರಾಜ ಅವರೇ. ಮೈಕು ಕೆಟ್ಟ ದಿನ ಅವರು ಕೊಡುತ್ತಿದ್ದ ಒಂದು ಹೂಂಕಾರಕ್ಕೆ ಥಿಯೇಟರಿನ ಹೊರಗೆ ಕಟ್ಟಿದ ಎತ್ತುಗಳು ಮೇವು ಬಿಟ್ಟು ಎದ್ದು ನಿಲ್ಲುತ್ತಿದ್ದವು. ನನ್ನ ತೊಟ್ಟಿಲು ತೂಗಿದ್ದು ಪರದೆಯ ಹಿಂದೆ, ನನ್ನ ಜ್ವರ ಇಳಿದದ್ದು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ, ನಾನು ಆಡಿದ ಮೊದಲ ಮಾತು 'ಅಮ್ಮ' ಅಲ್ಲ, 'ಯಾರಲ್ಲಿ?' ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಇಂಥವನು ಎಂಜಿನಿಯರ್ ಆಗಿ ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ಕಾರಿನ ಬಾಗಿಲುಗಳಿಗೆ ಹಿಡಿಕೆ ರೂಪಿಸಿದೆ. ಈ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ, ಕಾರು ಕೊಳ್ಳುವವರೇ ಇಲ್ಲದ ಮೇಲೆ ಬಾಗಿಲು ಯಾಕೆ, ಬಾಗಿಲೇ ಇಲ್ಲದ ಮೇಲೆ ಹಿಡಿಕೆ ಯಾಕೆ ಎಂದು ಕಂಪನಿಯವರು ಬಹಳ ತರ್ಕಬದ್ಧವಾಗಿ ಯೋಚಿಸಿ ನನ್ನನ್ನು ಮನೆಗೆ ಕಳಿಸಿದರು.

ಅಂದಿನಿಂದ ನಾನು ಹಾಸಿಗೆ ಬಿಟ್ಟು ಏಳುವುದಕ್ಕೆ ಒಂದೇ ಕಾರಣ ಉಳಿದಿತ್ತು. ಅದು ನಾಟಕ. ನನ್ನ ತಂದೆ ತಾವೇ ಬರೆದು, ತಾವೇ ಆಡಿ, ನೂಲಿನಿಂದ ಹೊಲಿದ ನೋಟುಬುಕ್ಕಿನಲ್ಲಿ ನನಗೆ ಬಿಟ್ಟುಹೋದ 'ಪ್ರಚಂಡಸೇನನ ಪದತ್ಯಾಗ'. ರಾಜ್ಯ ಕಳೆದುಕೊಂಡ ರಾಜ ಸರೋವರದ ದಂಡೆಯಲ್ಲಿ ಕಿರೀಟ ಕೆಳಗಿಟ್ಟು, ಹೊಟ್ಟೆಪಾಡಿಗಾಗಿ ದೇಶಾಂತರ ಹೊರಟ ತನ್ನ ಪರಿವಾರವನ್ನು ಒಬ್ಬೊಬ್ಬರನ್ನಾಗಿ ಬೀಳ್ಕೊಡುವ ಕಥೆ. ಜೂನ್ ಇಪ್ಪತ್ತರ ಶನಿವಾರ ಆಡುವುದೆಂದು ಕೂಟದಲ್ಲಿ ನಿಶ್ಚಯವಾಗಿತ್ತು. ಹದಿನಾಲ್ಕು ಪಾತ್ರಧಾರಿಗಳಲ್ಲಿ ಒಂಬತ್ತು ಮಂದಿಯ ಮನೆಯಲ್ಲಿ ಆಗಲೇ ರಟ್ಟಿನ ಪೆಟ್ಟಿಗೆಗಳು ತುಂಬುತ್ತಿದ್ದವು. ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ನಿಂತು ಮಂತ್ರಿಯ ಪಾತ್ರ ಮಾಡಿದ ಬೆಂಗಳೂರಿನ ಶ್ಯಾಮ್ ಕೂಡ ಆಗಸ್ಟಿನಲ್ಲಿ ಟೆಕ್ಸಾಸಿಗೆ ಹೊರಡುವವನಿದ್ದ. ಜೂನಿನಲ್ಲಿ ಆಡದಿದ್ದರೆ ಈ ಹದಿನಾಲ್ಕು ಮಂದಿ ಒಂದೇ ಪರದೆಯ ಹಿಂದೆ ನಿಲ್ಲುವುದು ಈ ಜನ್ಮದಲ್ಲಿ ಮತ್ತೆ ಆಗುವ ಮಾತಲ್ಲ. ಮಹಾರಾಜರೇ, ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಉಳಿದದ್ದೆಲ್ಲ ತಮ್ಮ ಲೀಲೆ.

ತಾವು ರಾಜಧಾನಿ ಮಾಡಿಕೊಂಡ ಜಾಗದ ಪೂರ್ವಚರಿತ್ರೆ ತಮಗೆ ತಿಳಿದಿರಲಾರದು. ಕ್ಯಾಂಟನ್‌ನಿಂದ ನಾಲ್ಕು ಮೈಲಿ ಆಚೆ ಅರವತ್ತು ಮನೆಗಳ ಬಡಾವಣೆ ಕಟ್ಟುತ್ತೇನೆಂದು ಬಂದ ಬಿಲ್ಡರು ಹನ್ನೊಂದು ಮನೆ ಕಟ್ಟಿ, ಕ್ಲಬ್‌ಹೌಸಿಗೆಂದು ಕಾಂಕ್ರೀಟಿನ ಜಗತಿಯೊಂದನ್ನು, ಅಂದರೆ ಎತ್ತರದ ಕಟ್ಟೆಯನ್ನು, ಹಾಕಿ, ಅದರ ಮುಂದೆ ಕಾರಂಜಿಯ ಕೊಳಕ್ಕೆಂದು ಫುಟ್‌ಬಾಲ್ ಮೈದಾನದಷ್ಟು ಗುಂಡಿ ತೋಡಿ, ಒಂದು ಶುಕ್ರವಾರ ಊಟಕ್ಕೆ ಹೋಗುತ್ತೇನೆಂದು ಹೋದವನು ಇನ್ನೂ ಊಟ ಮುಗಿಸಿಲ್ಲ. ಎರಡು ಚಳಿಗಾಲದ ಹಿಮ ಕರಗಿ ಗುಂಡಿ ತುಂಬಿತು. ಯಾರೂ ಬಿತ್ತದ ಜೊಂಡು ಆಳೆತ್ತರ ಬೆಳೆಯಿತು. 'ಐಷಾರಾಮಿ ಮನೆಗಳು ಮಾರಾಟಕ್ಕಿವೆ' ಎಂಬ ಫಲಕ ಓರೆಯಾಗಿ ನೀರಿಗೆ ಬಿದ್ದು, ಅದರ ಮೇಲೆ ಐದು ಆಮೆಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬಿಸಿಲು ಕಾಯಿಸತೊಡಗಿದವು. ನನ್ನ ಹೆಬ್ಬೆರಳ ಉಗುರಿನಷ್ಟಿರುವ ಕಪ್ಪೆಗಳು ಏಪ್ರಿಲಿನಲ್ಲಿ ಎಬ್ಬಿಸುವ ಸದ್ದಿಗೆ ಫೋನಿನಲ್ಲಿ ಸಂದರ್ಶನ ತೆಗೆದುಕೊಳ್ಳುತ್ತಿದ್ದ ಓಹಾಯೋದ ಕಂಪನಿಯವರು 'ನಿಮ್ಮ ಮನೆಯಲ್ಲಿ ಯಾವುದೋ ಅಲಾರಂ ಹೊಡೆಯುತ್ತಿದೆ, ಮೊದಲು ಹೊರಗೆ ಹೋಗಿ' ಎಂದು ಕಾಳಜಿಯಿಂದ ಫೋನು ಇಟ್ಟುಬಿಟ್ಟರು.

ಶಾಲೆಯ ಸಭಾಂಗಣಕ್ಕೆ ಬಾಡಿಗೆ ಕೊಡುವ ಸ್ಥಿತಿಯಲ್ಲಿ ಈ ವರ್ಷ ಕೂಟ ಇರಲಿಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು ಆ ಕಾಂಕ್ರೀಟಿನ ಜಗತಿ. ಆಹಾ, ಎಂಥ ರಂಗಸ್ಥಳ! ಹಿಂದೆ ನಿಜವಾದ ಸರೋವರ, ಎಡಬಲಕ್ಕೆ ಜೊಂಡಿನ ಸೈಡ್‌ವಿಂಗು, ಕೊಕ್ಕರೆಯಂಥ ಸಂಬಳವಿಲ್ಲದ ದ್ವಾರಪಾಲಕ. ನನ್ನ ತಂದೆ ಆರು ಸಲ ಬಣ್ಣ ಬಳಿಸಿಯೂ ಸರೋವರದ ಪರದೆ ಸರೋವರದಂತೆ ಕಾಣಲಿಲ್ಲವೆಂದು ಕೊರಗುತ್ತಿದ್ದರು. ಇಲ್ಲಿ ನಾಶವಾದ ಒಂದು ವ್ಯವಹಾರ ನನಗೆ ಬಿಟ್ಟಿಯಾಗಿ ಸರೋವರ ಕೊಟ್ಟಿತ್ತು.

ಮೇ ತಿಂಗಳ ಎರಡನೇ ಶನಿವಾರ ಮೊದಲ ತಾಲೀಮು. ತಂದೆಯವರ ಕಿರೀಟವನ್ನು ಗದಗಿನಿಂದ ತಂದಿದ್ದೆ. ರಟ್ಟಿನ ಮೇಲೆ ಬೇಗಡೆ ಅಂಟಿಸಿ, ಬಿಲ್ಲೆಗನ್ನಡಿ ಕೂರಿಸಿ, ತುದಿಗೆ ಕಳಸವಿಟ್ಟ ಒಂದೂವರೆ ಅಡಿಯ ಕಿರೀಟ. ಜಗತಿಯ ನಡುವೆ ನಿಂತು, ಎದೆ ಉಬ್ಬಿಸಿ, 'ಯಾರಲ್ಲಿ?' ಎಂದು ಗುಡುಗಿದೆ. ಮಹಾರಾಜರೇ, ಇಪ್ಪತ್ತು ವರ್ಷಗಳಲ್ಲಿ ಈ ದೇಶದಲ್ಲಿ ಆ ಪ್ರಶ್ನೆಗೆ ಯಾರೂ ಅಷ್ಟು ಬೇಗ ಬಂದಿರಲಿಲ್ಲ. ತಾವು ಬಂದಿರಿ. ಹಿಂದಿನಿಂದ ಬಂದಿರಿ. ಕಳಸಕ್ಕೆ ಒಂದು, ಕನ್ನಡಿಗೆ ಒಂದು, ಕಿರೀಟ ಉರುಳಿದ ಮೇಲೆ ಉಳಿದ ಬೋಳು ನೆತ್ತಿಗೆ ಒಂದು, ಹೀಗೆ ಲೆಕ್ಕ ತಪ್ಪದಂತೆ ಕುಟ್ಟಿ, ಜೊಂಡಿನ ತುದಿಯಲ್ಲಿ ಕುಳಿತು, ಎರಡೂ ಭುಜಕೀರ್ತಿಗಳನ್ನು ಅರಳಿಸಿ, ತುಕ್ಕು ಹಿಡಿದ ಗೇಟು ಹಾಡು ಕಲಿತರೆ ಹೇಗೋ ಹಾಗೆ ಜಯಘೋಷ ಮಾಡಿದಿರಿ.

ನನಗೆ ಎದುರಾಗಿ ಶತ್ರುರಾಜನ ಪಾತ್ರದಲ್ಲಿ ಕತ್ತಿ ಹಿಡಿದು ನಿಂತಿದ್ದವನು ಹುಬ್ಬಳ್ಳಿಯ ಮುಯೀನ್. ಇಲ್ಲಿ ಟೈರಿನ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ಕತ್ತಿ ಕೆಳಗೆ ಹಾಕಿ, "ಏ ಕಲ್ಲಣ್ಣಾ, ನಾ ಕತ್ತಿ ಎತ್ತೂದರಾಗ ಯುದ್ಧ ಮುಗಿದೇ ಹೋತಲ್ಲೋ ಮಾರಾಯಾ! ಇನ್ನ ನಂದೇನು ಕೆಲಸ ಐತಿ ಇಲ್ಲೆ?" ಎಂದ. ಶ್ಯಾಮ್ ಕುಕ್ಕರಗಾಲಲ್ಲಿ ಕುಳಿತು ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತ, "ಗುರುಗಳೇ, ನಿಮ್ ವಾಯ್ಸಿಗೆ ಫಸ್ಟ್ ಟೈಮ್ ಯಾರೋ ಆನೆಸ್ಟ್ ಫೀಡ್‌ಬ್ಯಾಕ್ ಕೊಟ್ಟಿದಾರೆ, ಬೇಜಾರ್ ಮಾಡ್ಕೋಬೇಡಿ" ಎಂದ. ಹನ್ನೆರಡು ವರ್ಷದ ನನ್ನ ಮಗಳು ಇಂಚರ ಮಾತ್ರ ನಗದೆ, ಗಂಭೀರವಾಗಿ, "ಅಪ್ಪಾ, ಹೀ ಈಸ್ ಪ್ರೊಟೆಕ್ಟಿಂಗ್ ಹಿಸ್ ನೆಸ್ಟ್ಸ್. ಯೂ ಆರ್ ದ ವಿಲನ್ ಹಿಯರ್" ಎಂದಳು. ರಾಜಪಾರ್ಟಿನ ವಂಶದಲ್ಲಿ ಹುಟ್ಟಿ ಮಗಳ ಬಾಯಿಂದ ಈ ಮಾತು ಕೇಳಬೇಕಾಗಿ ಬಂತು.

ಗೂಡುಗಳು ಎಂದು ಅವಳು ಬಹುವಚನದಲ್ಲಿ ಹೇಳಿದ್ದನ್ನು ತಾವು ಗಮನಿಸಿರಬೇಕು. ಬೈನಾಕ್ಯುಲರ್ ಹಿಡಿದು ಅವಳು ಮಾಡಿದ ಗಣತಿಯ ಪ್ರಕಾರ ಜೊಂಡಿನಲ್ಲಿ ತಮ್ಮ ಪಟ್ಟದರಾಣಿಯರು ನಾಲ್ವರು. ನಾಲ್ಕು ಗೂಡು. ಒಂದೊಂದರಲ್ಲಿ ಮೂರೋ ನಾಲ್ಕೋ ತಿಳಿನೀಲಿ ಮೊಟ್ಟೆ, ಅವುಗಳ ಮೇಲೆ ಅವಸರದಲ್ಲಿ ಸಹಿ ಮಾಡಿದಂತೆ ಕಪ್ಪು ಗೆರೆಗಳು. ನಮ್ಮ ಕಂಪನಿಯ ನಾಟಕಗಳಲ್ಲಿ ಕೂಡ ಇಬ್ಬರಿಗಿಂತ ಹೆಚ್ಚು ರಾಣಿಯರಿದ್ದರೆ ವೇಷಭೂಷಣ ಸಾಲುತ್ತಿರಲಿಲ್ಲ. ತಾವು ರಾಣಿಯರಿಗೆಲ್ಲ ಕಂದು ಪಟ್ಟೆಯ ಒಂದೇ ಸೀರೆ ಉಡಿಸಿ, ಕೆಂಪೆಲ್ಲವನ್ನೂ ತಮ್ಮ ಭುಜಕ್ಕೆ ಇಟ್ಟುಕೊಂಡು ಸಂಸಾರ ನಡೆಸುವ ಕಲೆಯನ್ನು ನಾನು ಕೈಮುಗಿದು ಮೆಚ್ಚುತ್ತೇನೆ. ನನ್ನ ಹೆಂಡತಿ ಸರಳಾ ಮೈಸೂರಿನವಳು, ಆಸ್ಪತ್ರೆಯಲ್ಲಿ ನರ್ಸು, ಈ ವರ್ಷ ನಮ್ಮ ಮನೆಯಲ್ಲಿ ಕೆಲಸವಿರುವ ಏಕೈಕ ವ್ಯಕ್ತಿ. ಅವಳ ಮುಂದೆ ಈ ಮೆಚ್ಚುಗೆಯನ್ನು ನಾನು ಇನ್ನೂ ಪ್ರಕಟಿಸಿಲ್ಲ.

ನಾವು ಬಗೆಬಗೆಯ ಸಂಧಾನ ಮಾಡಿದೆವು. ಬೆಳಿಗ್ಗೆ ತಾಲೀಮು ಇಟ್ಟೆವು, ತಾವು ಬೆಳಿಗ್ಗೆ ಬಂದಿರಿ. ಸಂಜೆ ಇಟ್ಟೆವು, ಸಂಜೆ ಬಂದಿರಿ. ಮುಯೀನನ ಹೆಂಡತಿ ಖಲೀದಾ ಕಿರೀಟದ ಹಿಂಬದಿಗೆ ದೊಡ್ಡ ಎರಡು ಕಣ್ಣು ಹೊಲಿದು ಅಂಟಿಸಿದರು. ತಾವು ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಕಿತ್ತು ಜೊಂಡಿನೊಳಗೆ ಒಯ್ದಿರಿ. ನನಗಿಂತ ನಾಲ್ಕು ಪಟ್ಟು ಗಂಭೀರವಾಗಿರುವ ಆ ಬೂದು ಕೊಕ್ಕರೆಯನ್ನೇ ತಾವು ಬೆನ್ನ ಮೇಲೆ ಕುಳಿತು ಅಟ್ಟಿಸಿಕೊಂಡು ಹೋದದ್ದನ್ನು ಕಂಡ ದಿನ ನಮ್ಮ ಸೈನಿಕರ ಪಾತ್ರಧಾರಿಗಳು ಮೂವರು ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯ ಗಾಜನ್ನು ಎರಡಿಂಚು ಇಳಿಸಿ ಅಲ್ಲಿಂದಲೇ 'ಜಯವಾಗಲಿ ಪ್ರಭೂ' ಎಂದರು.

ಮೇ ಕಳೆಯುತ್ತ ಬಂದಾಗ ಕೂಟದ ಸಭೆ ಸೇರಿ ನಾಟಕವನ್ನು ಕೈಬಿಡುವ ಮಾತು ಬಂತು. ನಾನು ಮನೆಗೆ ಬಂದು ಕುಳಿತೆ. ಸರಳಾ ಊಟಕ್ಕೆ ಬಡಿಸುತ್ತ, "ಕೆಲ್ಸ ಹೋದ ದಿನ ನೀವು ಸುಮ್ನೆ ಟಿವಿ ನೋಡ್ತಾ ಕೂತಿದ್ರಿ, ನಂಗೇನೂ ಭಯ ಆಗ್ಲಿಲ್ಲ. ಇವತ್ತು ಟಿವಿನೂ ಹಾಕ್ದೆ ಕೂತಿದೀರಲ್ಲ, ಇವತ್ತು ಆಗ್ತಿದೆ ಕಣ್ರೀ" ಎಂದಳು. ನಾನು ಅನ್ನ ಕಲೆಸುತ್ತಲೇ ತಮ್ಮ ವಿರುದ್ಧ ಯುದ್ಧ ಘೋಷಿಸಿದೆ.

ಅವಕಾಶ ಕೂಡ ತಾನಾಗಿ ಬಂತು. ಬಿಲ್ಡರನ ಜಾಗವನ್ನು ವಶಕ್ಕೆ ತೆಗೆದುಕೊಂಡ ಬ್ಯಾಂಕಿನವರು ಟೌನ್‌ಶಿಪ್ಪು, ಅಂದರೆ ಇಲ್ಲಿನ ಪಂಚಾಯಿತಿ, ಒಪ್ಪಿಗೆ ಕೊಟ್ಟರೆ ನಾಲ್ಕೇ ದಿನದಲ್ಲಿ ಜೌಗಿಗೆ ಮಣ್ಣು ತುಂಬಿಸಿ ಸಮ ಮಾಡುತ್ತೇವೆಂದು ಅರ್ಜಿ ಹಾಕಿದ್ದರು. ಜೂನ್ ಎಂಟರ ಸೋಮವಾರ ಸಂಜೆ ಸಾರ್ವಜನಿಕ ಸಭೆ. ಸೊಳ್ಳೆಯಿಂದಲೂ, ಬೇಸ್‌ಮೆಂಟಿಗೆ ಬರುವ ನೀರಿನಿಂದಲೂ ಬೇಸತ್ತಿದ್ದ ಹನ್ನೊಂದು ಮನೆಯವರೂ ಮಣ್ಣು ತುಂಬುವುದರ ಪರವಾಗಿದ್ದರು. ನಮ್ಮ ಬಡಾವಣೆಯ ಸಂಘದ ಅಧ್ಯಕ್ಷ, ಪಕ್ಕದ ಮನೆಯ ವಾಲ್ಟರ್, ಎಲ್ಲರ ಪರವಾಗಿ ಮಾತಾಡಲು ನನ್ನನ್ನೇ ಆರಿಸಿ, 'ನೀನು ನಿನ್ನ ಮನೆಯಲ್ಲಿ ಉಪ್ಪು ಕೇಳಿದರೆ ನನ್ನ ಮನೆಯಲ್ಲಿ ಉಪ್ಪಿನ ಡಬ್ಬಿ ಅಲ್ಲಾಡುತ್ತದೆ, ನಿನಗಿಂತ ಯೋಗ್ಯರು ಯಾರಿದ್ದಾರೆ' ಎಂದು ಇಂಗ್ಲಿಷಿನಲ್ಲಿ ಹೊಗಳಿದರು. ಸೋಮವಾರ ಒಪ್ಪಿಗೆ, ಶುಕ್ರವಾರದೊಳಗೆ ತಮ್ಮ ಸಾಮ್ರಾಜ್ಯ ಸಮತಟ್ಟು, ಇಪ್ಪತ್ತನೇ ತಾರೀಖು ನನ್ನ ಪಟ್ಟಾಭಿಷೇಕ. ತಿಳಿನೀಲಿ ಮೊಟ್ಟೆಗಳ ವಿಷಯ ನಡುವೆ ನೆನಪಾಗದಿರಲಿಲ್ಲ. ನೆನಪಾದಾಗಲೆಲ್ಲ ನೆತ್ತಿ ಮುಟ್ಟಿನೋಡಿಕೊಂಡು ಮರೆತೆ.

ಎರಡು ವಾರ ಕುಳಿತು ಎಂಟು ಪುಟದ ಭಾಷಣ ಬರೆದೆ. ಇಂಗ್ಲಿಷಿನಲ್ಲಿಯೇ ಬರೆದೆ, ಆದರೆ ಕಟ್ಟಿದ್ದು ಕಂಪನಿ ನಾಟಕದ ಕಟ್ಟಿನಲ್ಲಿ. ನಾಂದಿಯಿಲ್ಲದೆ ನಾಟಕ ಶುರುವಾಗುವುದನ್ನು ನಾನು ಹುಟ್ಟಿದಂದಿನಿಂದ ಕಂಡವನಲ್ಲ. ದೇವರ ಸ್ತುತಿ, ಸಭೆಯ ಸ್ತುತಿ, ಊರಿನ ಸ್ತುತಿ, ನೆಲಜಲದ ಸ್ತುತಿ, ಕೊನೆಗೆ ಎದುರಾಳಿಯ ಸ್ತುತಿ. ಯಾಕೆಂದರೆ ಶತ್ರುವನ್ನು ಎಷ್ಟು ಎತ್ತರಕ್ಕೆ ಏರಿಸುತ್ತೀಯೋ ಅಷ್ಟು ಎತ್ತರದಿಂದ ಕೆಡವಬಹುದು ಎಂದು ತಂದೆ ಹೇಳಿಕೊಟ್ಟಿದ್ದರು. ಹಾಗಾಗಿ ಮೊದಲ ಎರಡು ಪುಟ ನಾಂದಿ. ಮೂರನೇ ಪುಟದ ಮೊದಲ ಶಬ್ದ 'ಆದರೆ'. ಅಲ್ಲಿಂದ ಆರು ಪುಟ ತಮ್ಮ ಸರ್ವನಾಶ.

ಸಭೆಯಲ್ಲಿ ಒಬ್ಬೊಬ್ಬರಿಗೆ ಮೂರೇ ನಿಮಿಷ ಎಂದು ಬಾಗಿಲಲ್ಲಿ ಚೀಟಿ ಅಂಟಿಸಿದ್ದರು. ನಾನು ನೋಡಿದೆ. ಮೂರು ನಿಮಿಷ ಎಂಬುದನ್ನು ನಮ್ಮ ಕೂಟದ ಅತಿಥಿಗಳಿಗೆ 'ಎರಡೇ ಮಾತು' ಎನ್ನುವಂಥ ಔಪಚಾರಿಕ ಸಂಗತಿ ಎಂದು ತಿಳಿದುಕೊಂಡೆ.

ಮೈಕನ್ನು ಪಕ್ಕಕ್ಕೆ ಸರಿಸಿ ಆರಂಭಿಸಿದೆ. ಟೌನ್‌ಶಿಪ್ಪು ಮಂಡಲಿಯ ಏಳೂ ಸದಸ್ಯರನ್ನು ಹೆಸರು ಹಿಡಿದು ಹೊಗಳಿದೆ. ಅವರ ನಲ್ಲಿಯಲ್ಲಿ ಬರುವ ನೀರನ್ನು ಹೊಗಳಿದೆ, ಹಿಮ ತೆಗೆಯುವ ಅವರ ಟ್ರಕ್ಕನ್ನು ಹೊಗಳಿದೆ. ಆಮೇಲೆ ಜೌಗಿಗೆ ಬಂದೆ. ಫಲಕದ ಮೇಲಿನ ಐದು ಆಮೆಗಳನ್ನು, ಜೊಂಡಿನ ಬುಡದಲ್ಲಿ ಮನೆ ಕಟ್ಟಿಕೊಂಡು ಒಂದು ಕಂತೂ ಬಾಕಿ ಉಳಿಸಿಕೊಳ್ಳದ ನೀರಿಲಿಗಳನ್ನು, ಸಂದರ್ಶನಕ್ಕೆ ಹೆದರದ ಉಗುರುಗಪ್ಪೆಗಳನ್ನು, ನಾಲ್ವರು ರಾಣಿಯರನ್ನು, ಅವರ ತಿಳಿನೀಲಿ ಮೊಟ್ಟೆಗಳನ್ನು, ಅವುಗಳಿಗಾಗಿ ತನಗಿಂತ ಸಾವಿರ ಪಾಲು ತೂಕದ ರಾಜನ ಮೇಲೆ ಎರಗಿದ ತಮ್ಮ ಶೌರ್ಯವನ್ನು ಬಣ್ಣಿಸಿದೆ. "ನಾವು ಮನೆ ಕೊಂಡಾಗ ಈ ಬಡಾವಣೆಯ ಹೆಸರಿನಲ್ಲಿ ಕೊಕ್ಕರೆಯೂ ಸರೋವರವೂ ಇದ್ದವು, ನೆಲದಲ್ಲಿ ಎರಡೂ ಇರಲಿಲ್ಲ. ಮಾತು ಕೊಟ್ಟವನು ಓಡಿಹೋದ. ಆ ಮಾತನ್ನು ಈ ಜೀವಿಗಳು ಬಂದು ಉಳಿಸಿಕೊಟ್ಟವು. ಈ ಊರಿನಿಂದ ಎಲ್ಲರೂ ಹೊರಟುಹೋಗುತ್ತಿರುವ ವರ್ಷದಲ್ಲಿ, ಇಲ್ಲಿಗೆ ಬಂದವರು ಇವರು ಮಾತ್ರ!" ಎಂದು ಎರಡೂ ಕೈ ಎತ್ತಿ, ತಂದೆಯವರು ನಾಂದಿಯ ಕೊನೆಗೆ ಕೊಡುತ್ತಿದ್ದ ವಿರಾಮವನ್ನು ಕೊಟ್ಟು, ಮೂರನೇ ಪುಟ ತಿರುವಿ, ದೀರ್ಘವಾಗಿ ಉಸಿರೆಳೆದು, "ಆದರೆ" ಎಂದೆ.

ಗಂಟೆ ಹೊಡೆಯಿತು. ಕೆಂಪು ದೀಪ ಹತ್ತಿತು.

ದೀಪ ಹತ್ತಿದ್ದೇ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಟ್ಟುನಿಟ್ಟಿನ ಹೆಂಗಸು ಎಂದು ನಾವೆಲ್ಲ ಹೆದರಿದ್ದ ಸದಸ್ಯೆಯೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು "ಆದರೆ, ಆದರೆ" ಎನ್ನುತ್ತಿದ್ದಂತೆ ಚಪ್ಪಾಳೆ ಇನ್ನೂ ಹೆಚ್ಚಾಯಿತು. ಸಂಕೋಚದ ಮನುಷ್ಯ, ಹೊಗಳಿಕೆ ಒಪ್ಪಿಕೊಳ್ಳಲಾರ ಎಂದುಕೊಂಡರು. ಏಳಕ್ಕೆ ಏಳು ಮತದಿಂದ ಜೌಗನ್ನು ಮುಟ್ಟಬಾರದೆಂದು ತೀರ್ಮಾನವಾಯಿತು. ವಾಲ್ಟರ್ ವಾಪಸು ಬರುವಾಗ ಕಾರು ನಿಲ್ಲಿಸಿ, ಮೂಗು ಸೀಟಿ, 'ಬೇಸ್‌ಮೆಂಟಿಗೆ ಒಂದು ಪಂಪು ಹಾಕಿಸಿದರಾಯಿತು ಬಿಡು' ಎಂದರು. ಸರಳಾಗೆ ಹೇಳಿದಾಗ ಅವಳು ಗೋಡೆ ಹಿಡಿದು ನಿಂತು, "ಅಲ್ಲಾ ಕಣ್ರೀ, ಕೊಟ್ಟ ಮೂರು ನಿಮಿಷಾನೂ ನಮಸ್ಕಾರಕ್ಕೇ ಹಾಕ್ಬಿಟ್ರಾ?" ಎಂದು ನಗಲು ಶುರುಮಾಡಿದವಳು ಮಂಗಳವಾರ ಡ್ಯೂಟಿಗೆ ಹೋಗುವವರೆಗೂ ಬಿಟ್ಟುಬಿಟ್ಟು ನಗುತ್ತಿದ್ದಳು. ಹೀಗೆ, ಮಹಾರಾಜರೇ, ತಮ್ಮ ರಾಜ್ಯವನ್ನು ಉಳಿಸಿಕೊಟ್ಟವನು ತಮ್ಮ ಪರಮಶತ್ರುವಾದ ನಾನು. ಇದಕ್ಕೆ ತಮ್ಮಿಂದ ಒಂದು ಪುಟ್ಟ ಧನ್ಯವಾದವಾದರೂ ಬಂತೇ? ಮರುದಿನ ಬೆಳಿಗ್ಗೆ ಪೇಪರು ಎತ್ತಿಕೊಳ್ಳಲು ಬಾಗಿದಾಗ ಬಂದದ್ದು ಏನೆಂಬುದು ನನ್ನ ನೆತ್ತಿಗೆ ಗೊತ್ತು.

ಮಣ್ಣು ಬರುವುದಿಲ್ಲವೆಂದಾದ ಮೇಲೆ ನಾಟಕ ನಿಂತಿತೆಂದೇ ಎಲ್ಲರೂ ತಿಳಿದರು. ಅದನ್ನು ಉಳಿಸಿದವರು ಖಲೀದಾ. "ಅಣ್ಣಾರ, ರಾಜಗ ತಲಿಮ್ಯಾಲೆ ಬೆಳ್ಗೊಡೆ ಇರೂದಿಲ್ಲೇನ್ರೀ? ಇಷ್ಟ್ ದಿನ ಬರೇ ತಲಿ ಯಾಕ ಕೊಟ್ಟೀರಿ ಅದಕ್ಕ?" ಎಂದು ಅವರು ಕೇಳಿದಾಗ, ರಾಜವಂಶದ ನಾನು ನಾಚಿ ತಲೆ ತಗ್ಗಿಸಿದೆ. ಶ್ವೇತಚ್ಛತ್ರ ಸಿಗಲಿಲ್ಲ; ಮುಯೀನನ ಅಂಗಡಿಯ ದೊಡ್ಡ ಛತ್ರಿ ಸಿಕ್ಕಿತು. ಅದರ ಸುತ್ತಲೂ ನಾಲ್ಕು ಟೈರು ಕೊಂಡರೆ ಚಕ್ರದ ಜೋಡಣೆ ಉಚಿತ ಎಂದು ಬರೆದಿತ್ತು. ಚಕ್ರವರ್ತಿಗೆ ಅದು ಒಪ್ಪುತ್ತದೆ ಎಂದು ಶ್ಯಾಮ್ ತೀರ್ಪು ಕೊಟ್ಟ.

ಜೂನ್ ಇಪ್ಪತ್ತರಂದು ಕ್ಯಾಂಟನ್‌ನಿಂದ, ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದ, ಮಡಿಸುವ ಕುರ್ಚಿ ಹೊತ್ತು ಇನ್ನೂರು ಜನ ಬಂದರು. ವಾಲ್ಟರ್ ಮತ್ತು ಮಂಡಲಿಯ ಆ ಸದಸ್ಯೆ ಮೊದಲ ಸಾಲಿನಲ್ಲಿ ಕುಳಿತರು. ಎರಡು ಗಂಟೆ ಖಲೀದಾ ನನ್ನ ಹಿಂದೆ ಛತ್ರಧಾರಿಣಿಯಾಗಿ ನಿಂತರು. ತಾವು ಎರಡು ಗಂಟೆ ಛತ್ರಿಯನ್ನು ಕುಟ್ಟಿದಿರಿ. ತಮ್ಮ ಪೆಟ್ಟು ಮದ್ದಳೆಯಂತೆ ಕೂಡಿಬಂದು, ನನ್ನ ಒಂದೊಂದು ಮಾತಿನ ಕೊನೆಗೂ ತಾಳ ಬಿದ್ದಂತಾಯಿತು ಎಂಬುದನ್ನು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ನನಗಿದೆ.

ಕೊನೆಯ ಅಂಕ. ಸರೋವರದ ದಂಡೆ. ಪ್ರಚಂಡಸೇನ ಕಿರೀಟ ಕಳಚಿ ನೆಲದ ಮೇಲಿಟ್ಟು, ಬರಿತಲೆಯಲ್ಲಿ ನಿಲ್ಲುತ್ತಾನೆ. ಮಂತ್ರಿ ಮುಂದೆ ಬಂದು, 'ಪ್ರಭೂ, ಅಪ್ಪಣೆಯೇ?' ಎಂದು ಕೇಳುತ್ತಾನೆ. ಆಗ ರಾಜ ನಲವತ್ತು ಸಾಲಿನ ಬೀಳ್ಕೊಡುಗೆ ಹೇಳುತ್ತಾನೆ. ಆ ನಲವತ್ತು ಸಾಲಿಗಾಗಿ ನಾನು ಜನವರಿಯಿಂದ ಬದುಕಿದ್ದೆ. ಇಪ್ಪತ್ತು ವರ್ಷದ ಗೆಳೆಯನಿಗೆ ಸಾಧಾರಣ ಮಾತಿನಲ್ಲಿ ಹೇಳಲಾಗದ್ದನ್ನು ಆ ವೇಷದಲ್ಲಿ, ಆ ದೊಡ್ಡ ದನಿಯಲ್ಲಿ ಹೇಳಿ ಮುಗಿಸಬೇಕೆಂದಿದ್ದೆ. ಶ್ಯಾಮ್ ಮುಂದೆ ಬಂದ. 'ಪ್ರಭೂ' ಎಂದ. ಮುಂದಿನ ಶಬ್ದ ಅವನ ಬಾಯಿಂದ ಬರಲಿಲ್ಲ. ಇನ್ನೂರು ಜನ ಉಸಿರು ಹಿಡಿದರು.

ಆ ಕ್ಷಣದಲ್ಲಿ ತಾವು ಜೊಂಡಿನಿಂದ ಹಾರಿ ಬಂದಿರಿ. ಬರಿತಲೆಯನ್ನು ಬಿಟ್ಟಿರಿ. ನೆಲದ ಮೇಲಿನ ಕಿರೀಟದ ಕಳಸದ ಮೇಲೆ ಇಳಿದು, ಸುತ್ತ ಒಮ್ಮೆ ನೋಡಿ, ಎರಡೂ ಭುಜಕೀರ್ತಿಗಳನ್ನು ಕೆಂಡದಂತೆ ಅರಳಿಸಿ, ಹೊಸ ರಾಜನ ಮೊದಲ ಆಜ್ಞೆಯಂತೆ ಕೂಗಿದಿರಿ. ಸಭೆ ಸಿಡಿಯಿತು. ಹಿಂದಿನ ಸಾಲಿನಿಂದ ಯಾರೋ ಹಳೆಯ ಕಂಪನಿ ನಾಟಕದ ಅಭಿಮಾನಿ, "ವನ್ಸ್‌ಮೋರ್!" ಎಂದು ಅರಚಿದರು. ವಾಲ್ಟರ್‌ಗೆ ಏನೆಂದು ಅರ್ಥವಾಯಿತೋ, ಅವರೂ ಎದ್ದು ಅದನ್ನೇ ಅರಚಿದರು. ವನ್ಸ್‌ಮೋರ್ ಬಿದ್ದ ಮೇಲೆ ದೃಶ್ಯವನ್ನು ಇನ್ನೊಮ್ಮೆ ಆಡಲೇಬೇಕು, ಅದು ರಂಗಧರ್ಮ. ನಾನು ಕಿರೀಟ ಎತ್ತಿ ಧರಿಸಿದೆ, ಕಳಚಿದೆ, ಇಟ್ಟೆ. ಶ್ಯಾಮ್ ಮತ್ತೆ ಮುಂದೆ ಬಂದ. ತಾವು ಮತ್ತೆ ಬಂದಿರಿ! ಅದೇ ಕಳಸ, ಅದೇ ಠೀವಿ, ಅದೇ ಕೂಗು. ಈ ಸಲ ಶ್ಯಾಮ್ ನನ್ನ ಕಡೆಗೆ ತಿರುಗದೆ, ತಮ್ಮ ಕಡೆಗೆ ತಿರುಗಿ ಸೊಂಟ ಬಾಗಿಸಿ, "ಪ್ರಭೂ, ಅಪ್ಪಣೆಯೇ?" ಎಂದುಬಿಟ್ಟ. ಅವನು ನಕ್ಕ, ನಾನು ನಕ್ಕೆ, ಖಲೀದಾ ಛತ್ರಿಯನ್ನೇ ಕೈಬಿಟ್ಟರು, ತೆರೆ ಎಳೆಯುವವನು ನಗುತ್ತ ತೆರೆ ಎಳೆದೇಬಿಟ್ಟ.

ಇಲ್ಲಿಗೆ ನನ್ನ ದೂರಿನ ಸಾರಾಂಶಕ್ಕೆ ಬಂದೆ. ನೆತ್ತಿಯ ಪೆಟ್ಟುಗಳನ್ನು ಕ್ಷಮಿಸಿದ್ದೇನೆ. ನನ್ನ ತಂದೆಗೆ ಜೀವಮಾನದಲ್ಲಿ ಹನ್ನೆರಡು ಸಲ ಬಿದ್ದ, ನನಗೆ ಒಂದು ಸಲವೂ ಬೀಳದ ವನ್ಸ್‌ಮೋರನ್ನು ತಾವು ಮೊದಲ ಪ್ರವೇಶದಲ್ಲೇ ಹೊಡೆದುಕೊಂಡು ಹೋದದ್ದನ್ನೂ, ಬಹಳ ಕಷ್ಟಪಟ್ಟು, ಕ್ಷಮಿಸಿದ್ದೇನೆ. ಆದರೆ ಆ ನಲವತ್ತು ಸಾಲು ನನ್ನಲ್ಲೇ ಉಳಿದುಹೋಯಿತು. ಆಗಸ್ಟಿನಲ್ಲಿ ಶ್ಯಾಮ್ ಬಾಡಿಗೆ ಟ್ರಕ್ಕು ಹತ್ತುವಾಗ ನಾನು ಅವನ 'ಬರ್ತೀನಿ ಗುರುಗಳೇ'ಗೆ ಹೇಳಿದ್ದು, "ಹೂಂ, ಎಕ್ಸಿಟ್ ನೋಡ್ಕೊಂಡ್ ಹೋಗು" ಎಂದಷ್ಟೇ. ರಾಜಪಾರ್ಟಿನವನ ಮಗ! ಎಕ್ಸಿಟ್ ನೋಡ್ಕೊಂಡ್ ಹೋಗು!

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ತಮ್ಮ ಕುಲದವರು ಚಳಿಗಾಲವನ್ನು ಟೆಕ್ಸಾಸಿನ ಕಡೆ ಕಳೆಯುವುದುಂಟೆಂದು ಇಂಚರ ಓದಿ ಹೇಳಿದ್ದಾಳೆ. ಡಾಲಸ್ಸಿನ ಉತ್ತರಕ್ಕೆ, ಹೆದ್ದಾರಿಯ ಪಕ್ಕ, ಒಂದೂ ಜೊಂಡಿಲ್ಲದ ಅಪಾರ್ಟ್‌ಮೆಂಟುಗಳ ಸಾಲಿದೆ. ಎರಡನೇ ಮಹಡಿ. ಸಂಜೆ ಆರಕ್ಕೆ ಒಬ್ಬ ತೆಳ್ಳನೆಯ ಮನುಷ್ಯ ನೀಲಿ ಟೋಪಿ ಹಾಕಿಕೊಂಡು, ಯಾರೊಡನೆಯೂ ಮಾತಿಲ್ಲದೆ, ಪಾರ್ಕಿಂಗ್ ಲಾಟಿನ ಸುತ್ತ ಒಬ್ಬನೇ ನಡೆಯುತ್ತಾನಂತೆ. ಅವನ ಹೆಂಡತಿ ಫೋನಿನಲ್ಲಿ ಹೇಳಿದಳು. ದಯಮಾಡಿ ಹಿಂದಿನಿಂದ ಬನ್ನಿ. ಟೋಪಿ ಹಾರಿಸಿ, ನೆತ್ತಿಗೆ ಎಣಿಸಿ ನಲವತ್ತು ಸಲ ಕುಟ್ಟಿ. ಒಂದನ್ನೂ ಬಿಡಬೇಡಿ. ಹತ್ತನೆಯದಕ್ಕೆ ಅವನು ಬೈಯುತ್ತಾನೆ, ಇಪ್ಪತ್ತನೆಯದಕ್ಕೆ ಓಡುತ್ತಾನೆ. ಮೂವತ್ತಾಗುವಷ್ಟರಲ್ಲಿ ಯಾರು ಕಳಿಸಿದ್ದೆಂದು ಅವನಿಗೆ ತಿಳಿಯುತ್ತದೆ. ಆಮೇಲೆ ಜೊಂಡಿಲ್ಲದ ಆ ಜಾಗದಲ್ಲಿ ಯಾವುದಾದರೂ ಕಾರಿನ ಬಾಗಿಲ ಹಿಡಿಕೆಯ ಮೇಲೆ ಕುಳಿತು, ಭುಜಕೀರ್ತಿ ಅರಳಿಸಿ, ಮಂತ್ರಿಯ ಪಾತ್ರವನ್ನು ಯಾರಿಗೂ ಕೊಟ್ಟಿಲ್ಲವೆಂದು ಗಟ್ಟಿಯಾಗಿ ಹೇಳಿ. ಮಾರ್ಚಿನಲ್ಲಿ ತಾವು ಹಿಂದಿರುಗುವಾಗ ಅವನನ್ನು ಮುಂದೆ ಹಾಕಿಕೊಂಡು, ಕೊಕ್ಕರೆಯನ್ನು ಅಟ್ಟಿದ ರೀತಿಯಲ್ಲೇ, ಎಲ್ಲ ರಾಜ್ಯಗಳನ್ನೂ ದಾಟಿಸಿಕೊಂಡು ಬಂದರೆ ನನ್ನ ಅಭ್ಯಂತರವೇನೂ ಇಲ್ಲ.

ಜಗತಿಯನ್ನು ಹಿಮ ಬೀಳುವವರೆಗೂ ನಾನೇ ಗುಡಿಸುತ್ತಿರುತ್ತೇನೆ. ಆಮೆಗಳು ಕೆಸರಿಗಿಳಿದಿವೆ. ತಮ್ಮ ಸಿಂಹಾಸನದ ಜೊಂಡು ಒಣಗಿದ್ದರೂ ನಿಂತಿದೆ; ಕೀಳಲು ಬಂದವರನ್ನು 'ಯಾರಲ್ಲಿ?' ಎಂದು ಒಮ್ಮೆ ಗದರಿಸಿ ಕಳಿಸಿದ್ದೇನೆ.

ತಮ್ಮ ಕೊಕ್ಕಿಗೆ ನೆತ್ತಿಯನ್ನೂ ತಮ್ಮ ಕಾಲಿಗೆ ಕಿರೀಟವನ್ನೂ ಒಪ್ಪಿಸಿ, ಮಾರ್ಚಿನವರೆಗೆ ಬರಿತಲೆಯಲ್ಲಿ ನಿಂತಿರುವ

ತಮ್ಮ ವಿಶ್ವಾಸಿ,
ಕಲ್ಲಿನಾಥ
ಮಾಜಿ ರಾಜ, ಮಾಜಿ ಹಿಡಿಕೆ ವಿನ್ಯಾಸಕಾರ, ಹಾಲಿ ಜೌಗುಪಾಲಕ

ವಿ.ಸೂ.: ಟೌನ್‌ಶಿಪ್ಪಿನವರು ಜೌಗಿನ ದಂಡೆಯಲ್ಲಿ ಹೊಸ ಫಲಕ ನಿಲ್ಲಿಸಿ, ಅದರಲ್ಲಿ ನನ್ನ ಭಾಷಣದ ಮೂರು ಸಾಲನ್ನೂ ಕೆಳಗೆ ನನ್ನ ಹೆಸರನ್ನೂ ಕೆತ್ತಿಸಿದ್ದಾರೆ. ತಾವು ಹೊರಡುವ ಮುನ್ನಾದಿನ ಅದರ ಮೇಲೆ ಕುಳಿತು, ಇಡೀ ಫಲಕದಲ್ಲಿ ನನ್ನ ಹೆಸರನ್ನೇ ಆರಿಸಿಕೊಂಡು ಮಾಡಿಹೋದ ಬಿಳಿಯ ಅಭಿಷೇಕವನ್ನು ನಾನು ಒರೆಸಿಲ್ಲ. ತಾವೇ ಬಂದು ಒರೆಸಬೇಕು. ಮುಂದಿನ ವರ್ಷದ ನಾಟಕದಲ್ಲಿ ತಮಗೆ ದೂತನ ಪಾತ್ರ. ಮಾತಿಲ್ಲ, ಕಿರೀಟವಿಲ್ಲ, ಮತ್ತು ದೂತರಿಗೆ ವನ್ಸ್‌ಮೋರ್ ಕೊಡಕೂಡದೆಂದು ಕರಪತ್ರದಲ್ಲೇ ಅಚ್ಚು ಹಾಕಿಸುತ್ತೇನೆ.